ಒಂದೇ ತೋಟಕ್ಕೆ ಎಂಬತ್ತು ಒಡೆಯರು

ಫ್ರಾನ್ಸಿನ ಬರ್ಗಂಡಿ ಪ್ರಾಂತ್ಯದ ವೈನ್ ತಯಾರಕರೊಬ್ಬರು ರೆಸ್ಟೋರೆಂಟಿನ ಭೋಜನಕೂಟದಲ್ಲಿ ತಮ್ಮ ಮನೆತನದ ವೈನ್‌ಗಳನ್ನು ಪರಿಚಯಿಸಿದ್ದರ ಕುರಿತು ಲೇಖನವೊಂದನ್ನು ಓದಿದೆ; ಸೊಗಸಾಗಿದೆ. ಆದರೆ ಆ ಕುಟುಂಬದ ಹಿಡುವಳಿ ಏಕೆ ಅಷ್ಟು ಊರುಗಳಲ್ಲಿ ತುಂಡುತುಂಡಾಗಿ ಚದುರಿದೆ ಎಂಬುದನ್ನು ಲೇಖಕರು ವಿವರಿಸಬೇಕಿತ್ತು. ಫ್ರೆಂಚ್ ಕ್ರಾಂತಿಯ ಕಾಲದಲ್ಲಿ ಮಠಗಳ ದ್ರಾಕ್ಷಿ ತೋಟಗಳನ್ನು ಮುಟ್ಟುಗೋಲು ಹಾಕಿ ಮಾರಲಾಯಿತು; 1804ರ ನೆಪೋಲಿಯನ್ ಸಂಹಿತೆ ಎಂಬ ನಾಗರಿಕ ಕಾನೂನು ಮಕ್ಕಳೆಲ್ಲರಿಗೂ ಆಸ್ತಿಯಲ್ಲಿ ಪಾಲು ಕೊಟ್ಟಿದ್ದರಿಂದ, ತಲೆಮಾರು ಉರುಳಿದಂತೆ ಬಳ್ಳಿಯ ಸಾಲುಗಳೂ ಹಂಚಿಹೋದವು. ಸಿಸ್ಟರ್ಸಿಯನ್ ಎಂಬ ಕ್ರೈಸ್ತ ಪಂಥದ ಸನ್ಯಾಸಿಗಳು ಕಲ್ಲಿನ ಗೋಡೆ ಕಟ್ಟಿಸಿದ್ದ ಬರ್ಗಂಡಿಯ ಕ್ಲೋ ದ ವೂಜೋ ತೋಟ ಸುಮಾರು 50 ಹೆಕ್ಟೇರಿನಷ್ಟೇ ಇದ್ದರೂ ಇಂದು ಅದಕ್ಕೆ ಸುಮಾರು 80 ಒಡೆಯರಿದ್ದಾರೆ. ನೀರು ಚೆನ್ನಾಗಿ ಬಸಿದುಹೋಗುವ ಮೇಲ್ಭಾಗದ ಸುಣ್ಣಕಲ್ಲಿನ ನೆಲದಲ್ಲಿ ಬೆಳೆದ, ಕೆಂಪು ವೈನಿನ ದ್ರಾಕ್ಷಿಯಾದ ಪಿನೊ ನ್ವಾರ್‌ಗೂ, ಕೆಳಗೆ ರಸ್ತೆಯಂಚಿನ ಜಿಗುಟು ಮಣ್ಣಿನದಕ್ಕೂ ಲೇಬಲ್ಲಿನ ಮೇಲೆ ಒಂದೇ ಗ್ರ್ಯಾಂಡ್ ಕ್ರೂ, ಅಂದರೆ ಅತ್ಯುನ್ನತ ದರ್ಜೆಯ ತೋಟವೆಂಬ ಪಟ್ಟ! ಹೀಗಾಗಿ ಬಾಟಲಿಯ ಮೇಲೆ ತೋಟದ ಹೆಸರಿಗಿಂತ ಮೊದಲು ತಯಾರಿಸಿದವರ ಹೆಸರನ್ನು ನೋಡುವುದು ಮೇಲು. ಜೇಬಿಗೂ ಅದೇ ಕ್ಷೇಮ. ಕೆಂಪು ವೈನ್ ಮೊದಲು ಬಡಿಸಿ ಬಿಳಿಯದನ್ನು ಅನಂತರ ಕೊಟ್ಟದ್ದು ಅತಿಥಿಗಳಿಗೆ ವಿಚಿತ್ರವೆನಿಸಿತೆಂದು ಲೇಖನ ಹೇಳುತ್ತದೆ. ಆದರೆ ಬರ್ಗಂಡಿಯ ವೈನ್ ನೆಲಮಾಳಿಗೆಗಳಲ್ಲಿ ರುಚಿ ನೋಡುವ ಕ್ರಮವೇ ಸಾಮಾನ್ಯವಾಗಿ ಹಾಗೆ, ಏಕೆಂದರೆ ಬಿಳಿ ವೈನಾದ ಶಾರ್ಡನೇಯ ಹುಳಿ ನಾಲಗೆಯ ಮೇಲೆ ನಿಂತ ಬಳಿಕ ಕುಡಿದರೆ ನವಿರಾದ ಪಿನೊ ನ್ವಾರ್ ಸಪ್ಪೆಯಾಗಿಬಿಡುತ್ತದೆ.