ಬೆರಕೆ ಹಾಲು

ನಮ್ಮಮ್ಮ ವರ್ತನೆ ಹಾಲಿನವಳ ಜೊತೆ ದಿನ ಬೆಳಗಾದರೆ ಜಗಳಕ್ಕೆ ನಿಲ್ಲುತ್ತಿದ್ದಳು. ಪಾತ್ರೆಗೆ ಹಾಲು ಬಿದ್ದ ಕೂಡಲೇ ಬೆರಳದ್ದಿ ನೋಡುವಳು. ಬೆರಳಿಗೆ ಅಂಟದೆ ಜಾರಿತೋ, "ಏನವ್ವಾ, ಇವತ್ತು ಹಸು ಕರೆದೆಯೋ, ಕೆರೆ ಕರೆದೆಯೋ?" ಅಂಥವಳ ಮಗಳಾದ ನಾನು ಈಗ ನ್ಯೂಜೆರ್ಸಿಯ ಎಡಿಸನ್ನಿನಲ್ಲಿ, ನನ್ನ ಮಗಳ ಅಡುಗೆಮನೆಯಲ್ಲಿ, ಮೊಮ್ಮಗನ ಕಣ್ಣು ತಪ್ಪಿಸಿ ಹಾಲು ಬೆರಕೆ ಮಾಡುತ್ತಿದ್ದೇನೆ.

ಅವನಿಗೆ 2 ವರ್ಷ ತುಂಬಿತು. ತೂಕವೆಲ್ಲ ಸರಿಯಾಗಿದೆ, ಇನ್ನು ಹೋಲ್ ಮಿಲ್ಕ್ ನಿಲ್ಲಿಸಿ, ಕೊಬ್ಬು ಕಡಿಮೆ ಮಾಡಿದ ಟೂ ಪರ್ಸೆಂಟ್ ಹಾಲು ಕೊಡಿ ಅಂದರಂತೆ ಡಾಕ್ಟರಮ್ಮ. ಎರಡರವರೆಗೆ ಮಿದುಳು ಭರದಿಂದ ಬೆಳೆಯುತ್ತದೆ, ಅದಕ್ಕೆ ಕೊಬ್ಬು ಬೇಕು. ಆಮೇಲೆ ಅಷ್ಟು ಬೇಡವಂತೆ. ಹುಟ್ಟುಹಬ್ಬದ ಕೇಕ್ ಕತ್ತರಿಸಿದ ಮಾರನೆಯ ದಿನವೇ ಮಿದುಳಿಗೆ ಸಾಕೆನಿಸಿತೇ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಬಂದಿರುವುದು ಬಾಣಂತನ ಮುಗಿದ ಮೇಲೆ, ಅಧಿಕಾರವೂ ಅಷ್ಟಕ್ಕಷ್ಟೇ.

ಆದರೂ ಹೊಟ್ಟೆಯುರಿ ಅಡಗಲಿಲ್ಲ. "ಮಗುವಿನ ಬಾಯಿಂದ ಕೆನೆ ಕಿತ್ಕೋತೀರಲ್ಲೇ" ಅಂದೆ.

"ಯಾವ ಕೆನೆ ಅಮ್ಮಾ? ಈ ಹೋಲ್ ಮಿಲ್ಕಲ್ಲಿ ಫ್ಯಾಟ್ ಇರೋದೇ 3.25. ನೀನು ನನಗೆ ಕುಡಿಸಿ ಬೆಳೆಸಿದ ಟೋನ್ಡ್ ಹಾಲಿನ ಪ್ಯಾಕೆಟ್ಟಲ್ಲಿ 3. ನಾನೇನು ದಡ್ಡಿಯಾದೆನಾ?"

ಕಾಲು ಪರ್ಸೆಂಟಿಗೆ ನಾನು ಇಷ್ಟು ದಿನ 'ಅಮೆರಿಕದ ಗಟ್ಟಿ ಹಾಲು' ಎಂದು ಊರಿಗೆಲ್ಲ ಫೋನಿನಲ್ಲಿ ಹೊಗಳಿದ್ದೆ! ಕೆನೆಯ ಮಾತೂ ನಿಜವೇ. ಇಲ್ಲಿ ಕೊಬ್ಬಿನ ಹನಿಗಳನ್ನು ಯಂತ್ರದಲ್ಲಿ ನುಚ್ಚುನೂರು ಮಾಡಿ ಹಾಲಿನೊಳಗೇ ಕೂಡಿಹಾಕಿರುತ್ತಾರೆ. ಎಷ್ಟು ಕಾಯಿಸಿದರೂ ನಮ್ಮ ಮನೆಯಂತೆ ದಪ್ಪಗೆ ಕೆನೆ ಕಟ್ಟುವುದಿಲ್ಲ. ಹೆಪ್ಪು ಹಾಕಿ, ಕಡೆದು, ಬೆಣ್ಣೆ ತೆಗೆಯುವ ಆಸೆಯಿಂದ ಕಡೆಗೋಲನ್ನು ಸೂಟ್‌ಕೇಸಿನಲ್ಲಿ ತಂದವಳು ನಾನು. ಅದು ಈಗ ಮೊಮ್ಮಗನ ಡ್ರಮ್ಮಿನ ಕೋಲು.

ಇನ್ನೂ ಒಂದು ತಮಾಷೆ. ಕೊಬ್ಬು ತೆಗೆದಾಗ ಜೊತೆಗೇ ಎ ವಿಟಮಿನ್ನೂ ಹೋಗುತ್ತದಂತೆ, ಅದನ್ನು ಮತ್ತೆ ತಂದು ಸೇರಿಸುತ್ತಾರಂತೆ. ಸುಣ್ಣದಂಶ, ಪ್ರೋಟೀನು ಮಾತ್ರ ಎಲ್ಲಿದ್ದವೋ ಅಲ್ಲೇ. ನನಗೆ ಒಪ್ಪಿಗೆಯಾದದ್ದು ಡಾಕ್ಟರಮ್ಮನ ಇನ್ನೊಂದು ಮಾತು: ದಿನಕ್ಕೆ ಎರಡು ಕಪ್ಪಿಗಿಂತ ಹೆಚ್ಚು ಹಾಲು ಬೇಡ, ಹೊಟ್ಟೆ ತುಂಬಿ ಊಟ ಬಿಡುತ್ತಾನೆ, ರಕ್ತಕ್ಕೆ ಕಬ್ಬಿಣ ಸಾಲದಾಗುತ್ತದೆ. ಹಾಲಿನ ಬಾಟಲಿ ಕಚ್ಚಿಕೊಂಡು ಸಾರನ್ನದ ತಟ್ಟೆ ತಳ್ಳುವುದನ್ನು ನೋಡಿದವಳಿಗೆ ಇದಕ್ಕೆ ಬೇರೆ ಪುರಾವೆ ಬೇಕಿಲ್ಲ.

ಒಮ್ಮೆಲೇ ಬದಲಾಯಿಸಿದರೆ ಉಗುಳುತ್ತಾನೆ ಎಂದು ಬೆರಕೆಯ ಕೆಲಸ ನನಗೆ ಬಂತು. ಮೊದಲು ಮುಕ್ಕಾಲು ಹಳೆಯದು, ಕಾಲು ಹೊಸದು. ಮೂರು ದಿನ ಬಿಟ್ಟು ಅರ್ಧಕ್ಕರ್ಧ. ಬೆನ್ನು ತಿರುಗಿಸಿ ಸುರಿಯುವಾಗ ಆ ವರ್ತನೆಯವಳು ನೆನಪಾಗಿ ಪಾಪ ಅನಿಸಿತು; ಅಮ್ಮ ಬೆರಳದ್ದುವಾಗ ಅವಳ ಎದೆಯೂ ಹೀಗೇ ಹೊಡೆದುಕೊಂಡಿರಬೇಕು.

ಮಗು ಗಟಗಟ ಕುಡಿದು ಕಪ್ಪನ್ನು ನೆಲಕ್ಕೆಸೆದು ಓಡಿತು. ಮೊನ್ನೆ ಬೆಳಿಗ್ಗೆ ನಮ್ಮವರು ಮಾತ್ರ ಲೋಟ ಕೆಳಗಿಟ್ಟು ಮುಖ ಹುಳ್ಳಗೆ ಮಾಡಿದರು.

"ಕಾಫಿಪುಡಿ ಬೇರೆ ತಂದೆಯಾ? ಚಿಕೋರಿ ಜಾಸ್ತಿಯಾಗಿದೆ."

"ಹೂಂ, ಬೇರೆ ಅಂಗಡೀದು" ಅಂದೆ.