ಜೂನ್ 1ರಂದು ಹುಟ್ಟಿದ ಅಮ್ಮಂದಿರು

ಶಿರಸಿ ಹತ್ತಿರದ ನಮ್ಮೂರಿನ ಹೊನಲು ಬೆಳಕಿನ ವಾಲಿಬಾಲ್ ಪಂದ್ಯಾವಳಿಗೆ ಈ ಸಲ ಕಮಿಟಿಯವರು 'ಡೋಪಿಂಗ್ ಮುಕ್ತ' ಅಂತ ಬ್ಯಾನರ್ ಕಟ್ಟಿದರು. ಕಟ್ಟಿದ ಮೇಲೆ ಸಾಬೀತೂ ಮಾಡಬೇಕಲ್ವಾ? ಆಟಗಾರರಿಗೆ ಫಾರ್ಮ್ ಹಂಚಿದೆವು. 'ನಿಷೇಧಿತ ಮದ್ದು ತಗೊಂಡಿದ್ದೀರಾ?' ಕೆಳಗೆ ಹೆಸರು, ಮೊಬೈಲ್ ನಂಬರ್ ಕಡ್ಡಾಯ. ಎಲ್ಲರೂ 'ಇಲ್ಲ'. ಒಬ್ಬ ಮಾತ್ರ 'ಊಟ ಆದಮೇಲೆ ಒಂದು ಕವಳ' ಅಂತ ಬರೆದಿದ್ದ. ಸತ್ಯವಂತ.

ಹೀಗೆ ಪೆದ್ದಾಗಿ ಕೇಳಬಾರದು ಅಂತ ಸಂಶೋಧಕರಿಗೆ ಮೊದಲೇ ಗೊತ್ತು. 2011ರಲ್ಲಿ ದಕ್ಷಿಣ ಕೊರಿಯಾದ ಡೇಗುವಿನಲ್ಲಿ ವಿಶ್ವ ಅಥ್ಲೆಟಿಕ್ಸ್ ನಡೆದಾಗ ಒಂದು ಉಪಾಯ ಮಾಡಿದರು. ಅಮ್ಮನದೋ, ಇನ್ಯಾರೋ ಆಪ್ತರದೋ ಹುಟ್ಟಿದ ದಿನ ನೆನೆಸಿಕೊಳ್ಳಿ. ತಾರೀಕು 1ರಿಂದ 10ರೊಳಗಿದ್ದರೆ 'ಅದು ವರ್ಷದ ಮೊದಲರ್ಧದಲ್ಲಿ ಬರುತ್ತಾ?' ಅನ್ನೋದಕ್ಕೆ ಉತ್ತರ ಕೊಡಿ. 10 ದಾಟಿದ್ದರೆ 'ಕಳೆದ ಒಂದು ವರ್ಷದಲ್ಲಿ ಮದ್ದು ತಗೊಂಡಿದ್ದೀರಾ?' ಅನ್ನೋದಕ್ಕೆ. ಯಾರ 'ಹೌದು' ಯಾವುದಕ್ಕೆ ಅಂತ ದೇವರಿಗೂ ತಿಳಿಯುವುದಿಲ್ಲ, ಒಟ್ಟು ಲೆಕ್ಕ ಮಾತ್ರ ಸಿಗುತ್ತದೆ. ಹಾಗೆ ಸಿಕ್ಕ ಅಂದಾಜಿನಲ್ಲಿ ಮದ್ದು ತಗೊಂಡವರು ಶೇ. 43.6. ಅದೇ ಕೂಟದ ಪರೀಕ್ಷೆಯಲ್ಲಿ ಸಿಕ್ಕಿಬಿದ್ದವರು ಶೇ. 1ಕ್ಕೂ ಕಡಿಮೆ. ಆ ಅಧ್ಯಯನ ಸಂಶೋಧನಾ ಪತ್ರಿಕೆಯಲ್ಲಿ ಅಚ್ಚಾಗಿದ್ದು 2017ರಲ್ಲಿ. ನಮ್ಮ ಪಹಣಿ ತಿದ್ದುಪಡಿಯೇ ಬೇಗ, ಪುಣ್ಯ.

ನಾವೂ ಅಮ್ಮಂದಿರ ಮೊರೆ ಹೋದೆವು. ಅಲ್ಲೇ ಎಡವಟ್ಟಾಯಿತು. ನಮ್ಮ ಕಡೆ ಅಮ್ಮ ಹುಟ್ಟಿದ್ದು ಅಮ್ಮನಿಗೇ ಗೊತ್ತಿರುವುದಿಲ್ಲ. 'ಮಾರಿಜಾತ್ರೆ ವರ್ಷ, ಅಡಿಕೆ ಕೊಯ್ಲಿನ ಹೊತ್ತಿಗೆ' ಅನ್ನುತ್ತಾಳೆ. ಆಧಾರ್ ಕಾರ್ಡಿನಲ್ಲಿ ಜೂನ್ 1. ಶಾಲೆಗೆ ಸೇರಿಸುವಾಗ ಮಾಸ್ತರು ಸುಮ್ನೆ ಬರೆದುಕೊಂಡಿದ್ದು. ಅವರ ಲೆಕ್ಕದಲ್ಲಿ ಊರಿಗೆ ಊರೇ ಜೂನ್ 1ರ ಕೂಸು. ತಾರೀಕು 10ರೊಳಗೆ, ವರ್ಷದ ಮೊದಲರ್ಧ. ಎಲ್ಲರದ್ದೂ 'ಹೌದು'!

ಲೆಕ್ಕವನ್ನು ಡಿಗ್ರಿ ಓದುವ ಹುಡುಗನಿಗೆ ಕೊಟ್ಟೆವು. ಮೂರರಲ್ಲೊಂದು ಪಾಲು ಹುಟ್ಟುಹಬ್ಬದ ಪ್ರಶ್ನೆಗೆ, ಅದರಲ್ಲಿ ಅರ್ಧ 'ಹೌದು', ಅಷ್ಟನ್ನು ಕಳೆದು ಮಿಕ್ಕಿದ್ದನ್ನು ಮೂರರಲ್ಲೆರಡರಿಂದ ಭಾಗಿಸು ಅಂತ ಸೂತ್ರ. ಎರಡು ಸಲ ಮಾಡಿದ. ಎರಡು ಸಲವೂ ಶೇ. 125 ಬಂತು.

'ಮೇಲಿನ 25 ಯಾರು, ಅಂಪೈರುಗಳಾ?' ಅಂದರು ಖಜಾಂಚಿ.

ದಿಲ್ಲಿಯಿಂದ ಡೋಪಿಂಗ್ ಪರೀಕ್ಷೆಯವರನ್ನೇ ಕರೆಸೋಣ ಅಂದರು ಯಾರೋ. ಕಾರ್ಯದರ್ಶಿ ಬೆವರಿದರು. 2023ರಲ್ಲಿ ದಿಲ್ಲಿ ರಾಜ್ಯ ಕೂಟಕ್ಕೆ ಆ ಜನ ಬಂದಿದ್ದಾರೆ ಅಂತ ಗೊತ್ತಾದಾಗ, ಪುರುಷರ 100 ಮೀಟರ್ ಫೈನಲ್‌ನಲ್ಲಿ ಓಡಿದ್ದು ಒಬ್ಬನೇ. ಉಳಿದವರು ಬೇರೆ ದಿಕ್ಕಿಗೆ ಓಡಿದ್ದರು. 'ಇಲ್ಲಿ ಆರಕ್ಕೆ ಆರೂ ಕಾಲ್ಕಿತ್ತರೆ ನೆಟ್ ಕಟ್ಟಿದ್ದು ಯಾರಿಗೆ?'

ಅಧ್ಯಕ್ಷರು 125ರ ಹಾಳೆಗೆ ಬೆರಳಿನ ಸುಣ್ಣ ಒರೆಸಿ, ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟರು. ಆಮೇಲೆ ಮೈಕ್ ಹಿಡಿದರು. 'ಡೋಪಿಂಗ್ ಮುಕ್ತ ಪಂದ್ಯಾವಳಿಗೆ ತಮಗೆಲ್ಲ ಸ್ವಾಗತ.'