ಮದುವೆಯ ಊಟ ಉಳಿದರೆ ಫೋನ್ ಮಾಡಬೇಕಾದ ಹೊತ್ತು

ಲಗ್ನದ ದಿನಗಳು ಬಂತೆಂದರೆ ದಾವಣಗೆರೆಯ ಕಲ್ಯಾಣ ಮಂಟಪಗಳಲ್ಲಿ ಕೊಳಗಗಟ್ಟಲೆ ಅಡುಗೆ ಉಳಿಯುತ್ತದೆ. ಅದನ್ನು ಹಸಿದವರಿಗೆ ಮುಟ್ಟಿಸುವ ಮನಸ್ಸು ನಮ್ಮವರಿಗಿಲ್ಲ ಎಂದು ನಾನು ಹೇಳುವುದಿಲ್ಲ. ಆ ಮನಸ್ಸು ಬರುವ ಹೊತ್ತಿನ ಬಗ್ಗೆಯಷ್ಟೇ ನನ್ನ ತಕರಾರು. ಕೊನೆಯ ಪಂಕ್ತಿ ಎದ್ದು, ಬೀಗರನ್ನು ಕಳಿಸಿ, ಮುಯ್ಯಿಯ ಲೆಕ್ಕ ಬರೆದು, ಮಂಟಪದ ಕೀಲಿ ಒಪ್ಪಿಸುವಾಗ, ಅಂದರೆ ಸಂಜೆ ಐದರ ಸುಮಾರಿಗೆ, ಯಾರಿಗೋ ನೆನಪಾಗಿ ಸ್ವಯಂಸೇವಕರಿಗೆ ಫೋನ್ ಹೋಗುತ್ತದೆ.

ಬೆಳಗ್ಗೆ ಹನ್ನೊಂದಕ್ಕೆ ಇಳಿಸಿದ ಅನ್ನದ ಕೊಳಗವನ್ನು ಆಗ ತೆರೆದು ನೋಡಬೇಕು. ಮೇಲ್ಭಾಗ ತಣ್ಣಗಾಗಿ ಗಟ್ಟಿಯಾಗಿರುತ್ತದೆ, ಸೌಟು ಇಳಿಸಿದರೆ ನಡುವೆ ಇನ್ನೂ ಉಗುರುಬೆಚ್ಚಗಿರುತ್ತದೆ, ಮುಚ್ಚಳದ ಒಳಗೆ ನೀರು ಬೆವರಿರುತ್ತದೆ. ಬಿಸಿ ಅಡುಗೆ 60 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ, ತಣ್ಣನೆಯದು 5 ಡಿಗ್ರಿಗಿಂತ ಕೆಳಗೆ ಇರಬೇಕು. ನಡುವಿನ ಆ ಉಗುರುಬೆಚ್ಚನೆಯಲ್ಲಿಯೇ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಅನ್ನದಲ್ಲಿ ಬೆಳೆಯುತ್ತದೆ; ಅದು ಬಿಡುವ ವಾಂತಿಕಾರಕ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಮೂಸಿ ನೋಡಿ ‘ಚೆನ್ನಾಗೈತಿ, ಒಯ್ಯಿರಿ’ ಎನ್ನುವ ಹಿರಿಯರ ಪರೀಕ್ಷೆ ಇಲ್ಲಿ ನಡೆಯದು.

2014ರಲ್ಲಿ ದೆಹಲಿಯಲ್ಲಿ ಹುಟ್ಟಿದ ರಾಬಿನ್ ಹುಡ್ ಆರ್ಮಿಯಂತಹ ಸ್ವಯಂಸೇವಕರ ಗುಂಪುಗಳು ದೊಡ್ಡ ನಗರಗಳಲ್ಲಿ ಮಿಕ್ಕ ಆಹಾರ ಹಂಚುತ್ತಿವೆ. ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಇದಕ್ಕೆಂದೇ 2019ರಲ್ಲಿ ನಿಯಮಗಳನ್ನೂ ತಂದಿದೆ. ಆದರೆ ಕೊಡುವವರು ತಡಮಾಡಿದರೆ ಯಾವ ಗುಂಪೂ ಏನೂ ಮಾಡಲಾರದು. ಎರಡನೆಯ ಪಂಕ್ತಿ ಏಳುವಷ್ಟರಲ್ಲಿ ಎಷ್ಟು ಉಳಿದೀತೆಂಬ ಅಂದಾಜು ಅಡುಗೆಯವರಿಗೆ ಸಿಕ್ಕಿರುತ್ತದೆ. ಆಗಲೇ ಸೌಟು ಮುಟ್ಟದ ಕೊಳಗವನ್ನು ಬೇರೆ ಇರಿಸಿ ಫೋನ್ ಮಾಡುವ ಹೊಣೆಯನ್ನು, ಧಾರೆಯ ಗಡಿಬಿಡಿಯಲ್ಲಿರುವ ಮನೆಯವರ ಮೇಲೆ ಹೊರಿಸದೆ, ಅಡುಗೆ ಕಂಟ್ರಾಕ್ಟರರಿಗೆ ವಹಿಸಿ ಮಂಟಪದ ಬುಕಿಂಗ್ ಕರಾರಿನಲ್ಲಿಯೇ ಬರೆಸಬೇಕು. ಹೋಳಿಗೆ, ಲಾಡು, ಚಪಾತಿ ಸ್ವಲ್ಪ ತಾಳುತ್ತವೆ. ಕೋಸಂಬರಿ, ಮೊಸರನ್ನ, ಬಡಿಸುವ ಬಕೆಟ್ಟಿಗೆ ಇಳಿದ ಸಾರು, ಇವನ್ನು ಯಾರಿಗೂ ಕೊಡಬಾರದು.

ರಾತ್ರಿಯ ಆರತಕ್ಷತೆಗೆ ಮಾತ್ರ ಈ ಉಪಾಯವೂ ನಡೆಯುವುದಿಲ್ಲ. ಹನ್ನೊಂದು ಗಂಟೆಗೆ ಜಿಲ್ಲಾ ಆಸ್ಪತ್ರೆಗೆ ಹೋಗಿ, ರೋಗಿಗಳ ಜತೆ ಬಂದು ನೆಲದ ಮೇಲೆ ಮಲಗಿದವರನ್ನು ಎಬ್ಬಿಸಿ ಪಲಾವ್ ಕೊಡುವುದನ್ನು ಸೇವೆ ಎನ್ನಲು ನನಗೆ ಮನಸ್ಸಿಲ್ಲ. ಅಲ್ಲಿ ಅಳತೆ ತಗ್ಗಿಸುವುದೊಂದೇ ದಾರಿ. ಬೀಗರ ಮುಂದೆ ಕಡಿಮೆ ಬಿದ್ದೀತೆಂಬ ಅಂಜಿಕೆಯಿಂದ ಸಾವಿರ ಜನಕ್ಕೆ ಸಾವಿರದಿನ್ನೂರು ಎಲೆಯ ಅಡುಗೆ ಹೇಳುವ ಯಜಮಾನರು ಅದಕ್ಕೆ ಒಪ್ಪಬೇಕಷ್ಟೆ.